ಸಿಡಿಲಿಗೆ ಹೋದ ಕುರಿ, ಎಮ್ಮೆಗೆ ಪರಿಹಾರ: ಒಂಬತ್ತು ಕುರಿ ಮೊದಲೇ ಹೂತುಬಿಟ್ಟಿದ್ದೇವೆ, ಏನು ಮಾಡುವುದು?

ವರದಾದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮೂರು ಹಾವೇರಿ ಜಿಲ್ಲೆ, ಸವಣೂರು ಕಡೆ. ನಾನು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ. ಊರಲ್ಲಿ ದೊಡ್ಡಪ್ಪ, ದೊಡ್ಡಮ್ಮ ಕುರಿ, ಎಮ್ಮೆ ನೋಡಿಕೊಂಡಿದ್ದಾರೆ.

ಸೋಮವಾರ ಮಧ್ಯಾಹ್ನ ಮೂರೂವರೆಗೆ ಗುಡುಗು ಶುರುವಾಯಿತು. ಮಳೆ ಇನ್ನೂ ನಾಲ್ಕು ಹನಿ ಬಿದ್ದಿರಲಿಲ್ಲ. ಕುರಿಗಳು ಹೊಲದ ಬೇವಿನ ಮರದ ಬುಡಕ್ಕೆ ಸೇರಿಕೊಂಡವು. ಎಮ್ಮೆಯನ್ನೂ ಅದೇ ಮರಕ್ಕೆ ಕಟ್ಟಿದ್ದರು. ಸಿಡಿಲು ಮರಕ್ಕೇ ಬಡಿಯಿತು. 22 ಕುರಿ, ಹಾಲು ಕರೆಯುತ್ತಿದ್ದ ಎಮ್ಮೆ, ಎಲ್ಲ ಅಲ್ಲೇ ಹೋದವು. ದೊಡ್ಡಪ್ಪ ಬದುವಿನ ಆಚೆ ಇದ್ದರು, ಹಾಗಾಗಿ ಉಳಿದರು.

ಸಂಜೆ ಮಳೆ ಜೋರಾಯಿತು. ನಾಯಿಗಳು ಬರಲು ಶುರುವಾದವು. ಯಾರೋ ಹೂತುಬಿಡಿ ಅಂದರು, ಒಂಬತ್ತು ಕುರಿಗಳನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿದರು. ಅಷ್ಟರಲ್ಲಿ ಪಂಚಾಯಿತಿ ಸದಸ್ಯರೊಬ್ಬರು ಬಂದು, ಡಾಕ್ಟರ್ ನೋಡದೆ ಹೂಳಬೇಡಿ ಎಂದು ನಿಲ್ಲಿಸಿದರು. ಮಂಗಳವಾರ ಬೆಳಗ್ಗೆ ಪಶು ವೈದ್ಯರು ಬಂದು 13 ಕುರಿ ಮತ್ತು ಎಮ್ಮೆ ನೋಡಿ ಬರೆದುಕೊಂಡಿದ್ದಾರೆ. ಒಂಬತ್ತರ ಬಗ್ಗೆ ಏನೂ ಹೇಳಿಲ್ಲ.

ಆ ಒಂಬತ್ತಕ್ಕೆ ಇನ್ನು ದಾರಿ ಇದೆಯಾ? ಯಾವ ಕಚೇರಿಗೆ ಹೋಗಬೇಕು? ಎಷ್ಟು ಬರುತ್ತದೆ? ದೊಡ್ಡಪ್ಪ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನಾನು ರಜೆ ಹಾಕಿ ಊರಿಗೆ ಬಂದಿದ್ದೇನೆ. ತಿಳಿದವರು ಹೇಳಿ.

ಹಳೇಮಹಜರು

ತಮ್ಮಾ, ನಾನು ಕಂದಾಯ ಇಲಾಖೆಯಲ್ಲಿ ಗ್ರಾಮ ಲೆಕ್ಕಿಗನಾಗಿ ಇದ್ದು ನಿವೃತ್ತನಾದವನು. ದೊಡ್ಡಪ್ಪ ಉಳಿದರಲ್ಲ, ಅದೇ ದೊಡ್ಡದು.

ಸಿಡಿಲು, ಪ್ರವಾಹದಿಂದ ಸತ್ತರೆ ಅರ್ಜಿ ತಹಶೀಲ್ದಾರ್ ಕಚೇರಿಗೆ. ಹಣ ವಿಪತ್ತು ಪರಿಹಾರ ನಿಧಿಯದು, ಎಸ್‌ಡಿಆರ್‌ಎಫ್ ಅಂತಾರಲ್ಲ, ಅದು. 2025-26ರವರೆಗಿನ ಕೇಂದ್ರದ ವಿಪತ್ತುಗಳ ಪಟ್ಟಿಯಲ್ಲಿ ಸಿಡಿಲು ಇಲ್ಲ. ಆದರೆ ಆ ನಿಧಿಯಲ್ಲಿ ಶೇ 10ರವರೆಗೆ ರಾಜ್ಯ ತನ್ನದೇ ಸ್ಥಳೀಯ ವಿಪತ್ತುಗಳಿಗೆ ಬಳಸಬಹುದು. ಸಿಡಿಲಿನ ಪರಿಹಾರ ಬರುವುದು ಆ ದಾರಿಯಿಂದ.

2022-23ರಿಂದ 2025-26ರವರೆಗಿನ ನಿಯಮದಲ್ಲಿ ಹಾಲು ಕೊಡುವ ಎಮ್ಮೆ ಅಥವಾ ಹಸುವಿಗೆ 37,500 ರೂಪಾಯಿ. ಎತ್ತಿಗೆ 32,000. ಕರುವಿಗೆ 20,000. ಕುರಿ, ಮೇಕೆಗೆ ತಲಾ 4,000. ಒಂದು ಮನೆಗೆ ಹಾಲಿನ ದೊಡ್ಡ ಜಾನುವಾರು ಮೂರು, ಕುರಿ-ಮೇಕೆಯಾದರೆ 30 ಎಂಬ ಮಿತಿ ಇದೆ. ನಿಮ್ಮದು 22, ಮಿತಿಯ ಒಳಗೇ ಇದೆ. ಈಗ ಬರೆದುಕೊಂಡಿರುವ 13 ಕುರಿಗೆ 52,000, ಎಮ್ಮೆಯದು ಸೇರಿ 89,500 ಆಗುತ್ತದೆ.

ಒಂಬತ್ತರ ವಿಷಯದಲ್ಲಿ ಇವತ್ತೇ ಹೋಗಿ. ನಾಳೆ ಎನ್ನಬೇಡಿ. ಗ್ರಾಮ ಆಡಳಿತಾಧಿಕಾರಿಗೆ ಬರವಣಿಗೆಯಲ್ಲಿ ಕೊಡಿ. ಹೂತ ಜಾಗ, ಹೂತ ಹೊತ್ತು, ಅಲ್ಲಿದ್ದವರ ಹೆಸರು, ಮೂರನ್ನೂ ಬರೆಯಿರಿ. ಮಹಜರಿನಲ್ಲಿ ಆ ಒಂಬತ್ತನ್ನು ಬೇರೆಯಾಗಿ ನಮೂದಿಸಲು ಕೇಳಿ. 22 ಎಂದು ಒಟ್ಟು ಬರೆಸಿದರೆ ವೈದ್ಯರ ವರದಿಯ 13ಕ್ಕೆ ತಾಳೆ ಆಗುವುದಿಲ್ಲ, ಇಡೀ ಫೈಲೇ ವಾಪಸ್ ಬರುತ್ತದೆ. ನಾನೇ ಹಾಗೆ ಫೈಲ್ ವಾಪಸ್ ಬಂದು ಎರಡು ಸಲ ಊರಿಗೆ ಅಲೆದಿದ್ದೇನೆ.

ಗೋಮಾಳದ ಡಾಕ್ಟರ್

ನಾನು ಪಶು ವೈದ್ಯ, ಮೂವತ್ತು ವರ್ಷ ಹಳ್ಳಿಗಳಲ್ಲೇ ಕೆಲಸ ಮಾಡಿದ್ದೇನೆ. ಮೇಲಿನವರು ಹೇಳಿದ್ದು ಸರಿ. ಒಂದು ದಿನದ ಒಳಗಾದರೆ ಗುಂಡಿ ತೆಗೆಸಿ ನೋಡಬಹುದು. ನಾನು ಹಾಗೆ ನೋಡಿ ವರದಿ ಕೊಟ್ಟಿದ್ದೇನೆ. ಎರಡು-ಮೂರು ದಿನವಾದರೆ, ಅದೂ ಈ ಸೆಕೆಯಲ್ಲಿ, ದೇಹದ ಮೇಲಿನ ಗುರುತುಗಳು ಉಳಿಯುವುದಿಲ್ಲ. ಆಗಲೂ ಎಣಿಕೆಯಾದರೂ ಆಗುತ್ತದೆ. ನಿಮ್ಮ ವೈದ್ಯರನ್ನು ಗೌರವದಿಂದ ಕೇಳಿ ನೋಡಿ.

ವೈದ್ಯರು ನೋಡುವವರೆಗೆ ಹೂಳಬೇಡಿ ಅನ್ನುವುದು ಏಕೆ ಎಂದು ಜನರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಸುಮ್ನೆ ಸತಾಯಿಸುತ್ತಾರೆ ಎಂದುಕೊಳ್ಳುತ್ತಾರೆ. ಸಿಡಿಲಿಗೆ ಸತ್ತ ಪ್ರಾಣಿಯ ಬಾಯಲ್ಲಿ ಇನ್ನೂ ಮೇವು ಇರುತ್ತದೆ. ಒದ್ದಾಡಿದ ಗುರುತು ನೆಲದಲ್ಲಿ ಇರುವುದಿಲ್ಲ. ಕಾಲಿನ ಒಳಬದಿಯಲ್ಲಿ, ಹೊಟ್ಟೆಯ ಮೇಲೆ ಕೂದಲು ಗೆರೆಯಾಗಿ ಸುಟ್ಟಿರಬಹುದು. ಮೂಗಿನಿಂದ ರಕ್ತ ಬಂದಿರಬಹುದು, ಅದು ಸರಿಯಾಗಿ ಹೆಪ್ಪುಗಟ್ಟಿರುವುದಿಲ್ಲ. ಇಲ್ಲೇ ಅಪಾಯ ಇರುವುದು. ಆಂಥ್ರಾಕ್ಸ್ ಎಂಬ ಅಂಟುರೋಗದಿಂದ ಸತ್ತ ಕುರಿಯಲ್ಲೂ ಮೂಗು, ಗುದದಿಂದ ಹೆಪ್ಪುಗಟ್ಟದ ರಕ್ತ ಬರುತ್ತದೆ. ಆ ಕುರಿಯನ್ನು ಯಾರಾದರೂ ಕೊಯ್ದರೆ, ಚರ್ಮ ಸುಲಿದರೆ ಮನುಷ್ಯರಿಗೂ ಬರುತ್ತದೆ. ಹಠಾತ್ತಾಗಿ ಸತ್ತ ಕುರಿಯನ್ನು ವೈದ್ಯರು ನೋಡುವ ಮುಂಚೆ ಯಾರೂ ಕೊಯ್ಯಬಾರದು. ಕಾಗದಕ್ಕಾಗಿ ಅಲ್ಲ, ನಿಮ್ಮ ಮನೆಯವರ ಜೀವಕ್ಕಾಗಿ.

ಇನ್ನೊಂದು ಮಾತು. ಮನುಷ್ಯರಿಗಿಂತ ಜಾನುವಾರು ಸಿಡಿಲಿಗೆ ಬೇಗ ಬಲಿಯಾಗುತ್ತವೆ. ಮರಕ್ಕೆ ಬಡಿದ ವಿದ್ಯುತ್ತು ನೆಲದಲ್ಲಿ ಹರಡುತ್ತದೆ. ಪ್ರಾಣಿಯ ಮುಂಗಾಲು, ಹಿಂಗಾಲಿನ ನಡುವೆ ಅಂತರ ಜಾಸ್ತಿ. ಒಂದು ಕಾಲಿನಿಂದ ಹತ್ತಿದ ವಿದ್ಯುತ್ತು ಎದೆಯ ಮೂಲಕ ಇನ್ನೊಂದು ಕಾಲಿಗೆ ಇಳಿಯುತ್ತದೆ. ನಿಮ್ಮ ದೊಡ್ಡಪ್ಪನವರ ತಪ್ಪು ಇದರಲ್ಲಿ ಏನೂ ಇಲ್ಲ. ಅವರಿಗೆ ಇದನ್ನು ಹೇಳಿ.

ವರದಾದಂಡೆ

ಡಾಕ್ಟರ್ ಸಾಹೇಬರೇ, ಕೊನೆಯ ಸಾಲನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಆಮೇಲೆ ಎದ್ದು ಸ್ನಾನ ಮಾಡಿದರು.

ಗ್ರಾಮ ಆಡಳಿತಾಧಿಕಾರಿಯನ್ನು ಕಂಡು ಬಂದೆ. ಪಕ್ಕದ ಮನೆಯ ಹುಡುಗ ಅವತ್ತು ಸಂಜೆ ಮೊಬೈಲಿನಲ್ಲಿ ಮೂರು ಫೋಟೋ ತೆಗೆದಿದ್ದಾನೆ, ಅದು ನಮಗೆ ಗೊತ್ತೇ ಇರಲಿಲ್ಲ. ಒಂದರಲ್ಲಿ ಮರದ ಕೆಳಗಿನ ಎಲ್ಲ ಕುರಿಗಳೂ ಕಾಣುತ್ತವೆ. ನಾಳೆ ಗುಂಡಿ ತೆಗೆಸಿ ಎಣಿಸಲು ವೈದ್ಯರು ಒಪ್ಪಿದ್ದಾರೆ.

ಕಂಬಳಿಗಂಟು

ಅಣ್ಣಾ, ನಮ್ಮದೂ ಕುರಿ ಮನೆತನ. ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತು. 22 ಎಂದರೆ ಒಂದು ಹಿಂಡಿನ ಅರ್ಧ.

ನನಗೆ ಒಂದು ವಿಷಯ ಇಲ್ಲಿ ಹೇಳಲೇಬೇಕು. ಸಿಡಿಲಿಗೆ ಸತ್ತ ಕುರಿಗೆ 4,000. ಅದೇ ಕುರಿ ಬೇನೆ ಬಂದು ಸತ್ತರೆ ಪಶುಸಂಗೋಪನೆ ಇಲಾಖೆಯ ಅನುಗ್ರಹ ಯೋಜನೆ. ಅದರಲ್ಲಿ ಕುರಿಗೆ 5,000 ಇತ್ತು, 2025-26ರ ಬಜೆಟ್‌ನಲ್ಲಿ 7,500 ಮಾಡಿದರು. ಮೂರರಿಂದ ಆರು ತಿಂಗಳ ಮರಿಗೆ 3,500 ಇದ್ದದ್ದು 5,000 ಆಯಿತು. ಹಸು, ಎಮ್ಮೆ, ಎತ್ತಿಗೆ 10,000 ಇದ್ದದ್ದು 15,000. ಅಂದರೆ ಕುರಿಗೆ ಅನುಗ್ರಹ ಮೇಲು, ಎಮ್ಮೆಗೆ ವಿಪತ್ತು ನಿಧಿ ಮೇಲು. ಒಂದೇ ಕುರಿ, ಒಂದೇ ಮನೆ. ಸತ್ತ ಕಾರಣ ಬೇರೆಯಾದರೆ ಬೆಲೆ ಹೇಗೆ ಬೇರೆಯಾಗುತ್ತದೆ? ಸಂತೆಯಲ್ಲಿ ಒಳ್ಳೆಯ ಕುರಿ ನಮಗೆ 12,000ಕ್ಕೆ ಕಡಿಮೆ ಸಿಗುವುದಿಲ್ಲ.

ಮತ್ತೆ ನಮ್ಮಂಥವರು ಊರಲ್ಲೇ ಇರುವುದಿಲ್ಲ. ದೀಪಾವಳಿ ಕಳೆದ ಮೇಲೆ ಹಿಂಡು ಹೊಡೆದುಕೊಂಡು ಹೊರಟರೆ ಮುಂಗಾರಿಗೇ ವಾಪಸ್. ಯಾವುದೋ ತಾಲ್ಲೂಕಿನ ಯಾರದೋ ಹೊಲದಲ್ಲಿ ಕುರಿ ನಿಲ್ಲಿಸಿರುತ್ತೇವೆ. ಅಲ್ಲಿ ನಾಲ್ಕು ಕುರಿ ಸತ್ತರೆ ಸಾಕ್ಷಿ ಯಾರು? ಹತ್ತಿರದ ಪಶು ಆಸ್ಪತ್ರೆಗೆ ಹೋದರೆ ನಿಮ್ಮ ಊರಿನ ವೈದ್ಯರ ಹತ್ತಿರ ಬರೆಸಿ ಎಂದು ಹೇಳಿದ್ದೂ ಇದೆ. ಊರು 150 ಕಿಲೋಮೀಟರ್ ದೂರ. ಸತ್ತ ಕುರಿ ಹೊತ್ತುಕೊಂಡು ಹೋಗುವುದಾ? ಉಳಿದ ಹಿಂಡನ್ನು ಯಾರು ಕಾಯುವುದು?

ಗೋಮಾಳದ ಡಾಕ್ಟರ್

ಕಂಬಳಿಗಂಟು ಅವರೇ, ಸತ್ತ ಜಾಗದ ಹತ್ತಿರದ ವೈದ್ಯರೇ ನೋಡಿ ಬರೆಯುವುದು ಸರಿಯಾದ ಕ್ರಮ. ಮರಣೋತ್ತರ ಪರೀಕ್ಷೆಯನ್ನು ಎಲ್ಲೋ ಕೂತು ಮಾಡಲಾಗುವುದಿಲ್ಲ. ನಿಮ್ಮನ್ನು ವಾಪಸ್ ಕಳಿಸಿದ್ದು ತಪ್ಪು. ಹೊರಡುವ ಮುಂಚೆ ನಿಮ್ಮ ಊರಿನ ಆಸ್ಪತ್ರೆಯಲ್ಲಿ ಹಿಂಡಿನ ಎಣಿಕೆ, ಲಸಿಕೆ ಹಾಕಿಸಿದ ತಾರೀಖು ಬರೆಸಿ ಒಂದು ಸಹಿ ತೆಗೆದುಕೊಂಡು ಇಟ್ಟುಕೊಳ್ಳಿ. ಕುರಿ ನಿಲ್ಲಿಸಿದ ಹೊಲದ ಯಜಮಾನರ ಫೋನ್ ನಂಬರ್ ಇರಲಿ, ಅವರೇ ನಿಮ್ಮ ಸಾಕ್ಷಿ. 1962ಕ್ಕೆ ಕರೆ ಮಾಡಿದರೆ ಪಶು ಆಂಬುಲೆನ್ಸ್‌ನವರು ಸಿಗುತ್ತಾರೆ. ಕರೆ ಮಾಡಿದ ಹೊತ್ತು ನಿಮ್ಮ ಫೋನಿನಲ್ಲಿ ಉಳಿಯುತ್ತದೆ, ಅದೂ ಒಂದು ದಾಖಲೆಯೇ.

ಎರೆಹೊಲ

ನಾನು ನವಲಗುಂದ ಕಡೆಯವನು. ಕುರಿಯ ಮಾತಿನ ನಡುವೆ ಎತ್ತಿನ ಮಾತು ತರುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

2022ರಲ್ಲಿ ಚರ್ಮಗಂಟು ರೋಗ ಬಂತಲ್ಲ, ಆಗ ನಮ್ಮ ಮನೆಯಲ್ಲಿ ಒಂದು ಜೋಡಿ ಎತ್ತು. ಬಸವ, ಕೆಂದ. ಕರುಗಳಿದ್ದಾಗಿಂದ ನಾನೇ ಸಾಕಿದ್ದು. ಹಿಂಗಾರಿ ಬಿತ್ತನೆಯ ಹೊತ್ತು. ಕಡಲೆ, ಬಿಳಿಜೋಳ ಬಿತ್ತಲು ನೆಲ ಹದವಾಗಿತ್ತು. ಮೊದಲು ಕೆಂದನಿಗೆ ಜ್ವರ. ಎರಡು ದಿನಕ್ಕೆ ಮೈತುಂಬ ಗಂಟು. ಮೂರನೇ ದಿನ ಬಸವನಿಗೂ ಬಂತು. ಕೆಂದ ಹನ್ನೊಂದನೇ ದಿನ ಹೋದ. ಆಗ ಸರ್ಕಾರ ಎತ್ತಿಗೆ 30,000, ಹಸುವಿಗೆ 20,000, ಕರುವಿಗೆ 5,000 ಘೋಷಿಸಿತ್ತು. ವೈದ್ಯರು ಬಂದು ಬರೆದುಕೊಂಡರು, ನಾಲ್ಕು ತಿಂಗಳ ಮೇಲೆ ಹಣ ಬಂತು. ಅದಕ್ಕೆ ನಾನು ಋಣಿ, ಇಲ್ಲ ಎನ್ನುವುದಿಲ್ಲ.

ಬಸವ ಬದುಕಿದ. ಆದರೆ ಹೇಗೆ ಬದುಕಿದ ಎಂದು ಹೇಳುತ್ತೇನೆ. ನೊಗ ಕೂರುವ ಜಾಗದಲ್ಲೇ ನಾಲ್ಕು ಗಂಟು ಒಡೆದು ತೂತಾದವು. ಹುಳ ಬಿತ್ತು. ನಾನೂ ನನ್ನ ಹೆಂಡತಿಯೂ ದಿನಾ ಬೆಳಗ್ಗೆ, ಸಂಜೆ ಬೇವಿನ ಸೊಪ್ಪಿನ ನೀರಿನಲ್ಲಿ ತೊಳೆದು ಮುಲಾಮು ಹಚ್ಚಿದೆವು. ಮುಂಗಾಲು ಊದಿ ಬೋರಲಾಗಿ ಮಲಗಿದರೆ ಇಬ್ಬರೂ ಹಗ್ಗ ಹಾಕಿ ಎಬ್ಬಿಸುತ್ತಿದ್ದೆವು. ಎರಡೂವರೆ ತಿಂಗಳು. ಗಾಯ ಮಾಯಿತು. ಆದರೆ ಆ ಹೆಗಲಿನ ಮೇಲೆ ಮತ್ತೆ ನೊಗ ಇಡಲು ಆಗಲಿಲ್ಲ. ಇಟ್ಟರೆ ನಡುಗುತ್ತಿದ್ದ. ಬಿತ್ತನೆಗೆ ಬಾಡಿಗೆ ಟ್ರ್ಯಾಕ್ಟರ್ ತಂದೆ. ಔಷಧ, ಬಾಡಿಗೆ, ಮೇವು ಸೇರಿ ಕೆಂದನಿಗೆ ಬಂದ ಪರಿಹಾರಕ್ಕಿಂತ ಜಾಸ್ತಿ ಬಸವನಿಗೆ ಖರ್ಚಾಯಿತು. ಮಾರಲು ಸಂತೆಯೂ ಇರಲಿಲ್ಲ. ರೋಗ ಹರಡುತ್ತದೆ ಎಂದು ಸಂತೆ, ಜಾತ್ರೆ, ಸಾಗಾಟ ಎಲ್ಲ ನಿಲ್ಲಿಸಿದ್ದರು. ಇದ್ದಿದ್ದರೂ ನಾನು ಮಾರುತ್ತಿರಲಿಲ್ಲ ಬಿಡಿ.

ಬಸವನಿಗೆ ಸರ್ಕಾರದಿಂದ ಒಂದು ರೂಪಾಯಿ ಇಲ್ಲ. ಏಕೆಂದರೆ ಅವನು ಸಾಯಲಿಲ್ಲ. ಅರ್ಜಿ ಕೊಡಲು ಹೋದಾಗ, ಸತ್ತಿಲ್ಲವಲ್ಲ ಎಂದು ಕೇಳಿದರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಡೇರಿ ಅಕ್ಕ

ಎರೆಹೊಲ ಅಣ್ಣಾ, ನಿಮ್ಮ ಮಾತು ಓದಿ ಕಣ್ಣಲ್ಲಿ ನೀರು ಬಂತು. ನಾನು ಮಹಿಳಾ ಹಾಲು ಸಂಘದಲ್ಲಿ ಕಾರ್ಯದರ್ಶಿ. ಅದೇ ವರ್ಷ ನಮ್ಮ ಸಂಘದಲ್ಲಿ ಸತ್ತ ಹಸು ನಾಲ್ಕು. ಬದುಕಿ ಹಾಲು ಬತ್ತಿಸಿಕೊಂಡವು ಇಪ್ಪತ್ತರ ಮೇಲೆ. ಗಬ್ಬದಲ್ಲಿದ್ದ ಎರಡು ಕಂದು ಹಾಕಿದವು. ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಸರ್ಕಾರ ಕೊಡುತ್ತದೆ, ನಿಜ. ಆದರೆ ಅದು ಡೇರಿಗೆ ಹಾಕಿದ ಹಾಲಿಗೆ. ಕಾಯಿಲೆ ಬಿದ್ದು ಹಾಲೇ ಇಲ್ಲದಾಗ ಪ್ರೋತ್ಸಾಹಧನವೂ ನಿಂತಿತು. ಜಾಸ್ತಿ ಬೇಕಾದ ಹೊತ್ತಿನಲ್ಲೇ ಇಲ್ಲ.

ಹೆಣ್ಣುಮಕ್ಕಳ ಕಷ್ಟ ಇನ್ನೊಂದಿದೆ. ಸತ್ತ ಆ ನಾಲ್ಕರಲ್ಲಿ ಒಂದು ಹಸುವಿನ ಕಿವಿಯೋಲೆ, ಅಂದರೆ ಗುರುತಿಗೆ ಕಿವಿಗೆ ಹಾಕುವ ನಂಬರಿನ ಬಿಲ್ಲೆ, ಗಂಡನ ಹೆಸರಿನಲ್ಲಿತ್ತು. ಗಂಡ ಎರಡು ವರ್ಷದ ಹಿಂದೆಯೇ ತೀರಿಕೊಂಡಿದ್ದ. ಹನ್ನೆರಡು ಅಂಕಿಯ ಆ ನಂಬರ್ ಕಂಪ್ಯೂಟರಿನಲ್ಲಿ ಹಾಕಿದರೆ ಅವನ ಹೆಸರೇ ಬರುತ್ತದೆ. ಆ ಅಕ್ಕನಿಗೆ ಹಣ ಬರಲು ವಾರಸುದಾರರ ಕಾಗದ, ಅಫಿಡವಿಟ್, ಮತ್ತೆ ಮತ್ತೆ ಓಡಾಟ. ಇನ್ನೊಬ್ಬರ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ, ಮಂಜೂರಾದ ಹಣ ವಾಪಸ್ ಹೋಯಿತು. ಪಾಸ್‌ಬುಕ್ ಇದ್ದರೆ ಸಾಲದು, ಆಧಾರ್ ಮೂಲಕ ಹಣ ಬರುವಂತೆ ಬ್ಯಾಂಕಿನಲ್ಲಿ ಮ್ಯಾಪಿಂಗ್ ಮಾಡಿಸಿರಬೇಕು. ವರದಾದಂಡೆ ತಮ್ಮಾ, ದೊಡ್ಡಪ್ಪನ ಖಾತೆಯನ್ನು ಮೊದಲು ನೋಡು.

ಹಳೇಮಹಜರು

ಎರೆಹೊಲ ಅವರ ಮಾತಿಗೆ ನಾನು ಕಚೇರಿಯ ಕಡೆಯಿಂದ ಉತ್ತರ ಹೇಳಬೇಕು. ಸಾವನ್ನು ಎಣಿಸಬಹುದು. ಕಾಯಿಲೆಯನ್ನು ಎಣಿಸುವುದು ಹೇಗೆ ಎಂದು ಕಚೇರಿ ಹೆದರುತ್ತದೆ. ಪ್ರತಿ ಹಸುವಿಗೂ ಕಾಯಿಲೆ ಎಂದು ಅರ್ಜಿ ಬಂದರೆ ಯಾರು ನೋಡುವುದು? ಸುಳ್ಳು ಅರ್ಜಿಗಳೂ ಬರುತ್ತವೆ. ಸತ್ತ ಒಂದೇ ಹಸುವಿನ ಫೋಟೋ ಎರಡು ಮನೆಯ ಅರ್ಜಿಯಲ್ಲಿ ಬಂದದ್ದನ್ನು ನಾನೇ ಹಿಡಿದಿದ್ದೇನೆ. ಹಾಗೆ ಹೋದ ಹಣ ನಿಜವಾಗಿ ಕಳೆದುಕೊಂಡವರಿಗೆ ಸಿಗದ ಹಣ. ಅದಕ್ಕೇ ಕಾಗದ ಕೇಳುತ್ತಾರೆ.

ಎರೆಹೊಲ

ಸರ್, ಸುಳ್ಳು ಅರ್ಜಿ ತಡೆಯಲೇಬೇಕು. ಅದರಲ್ಲಿ ನನ್ನದು ಎರಡು ಮಾತಿಲ್ಲ. ಆದರೆ ಎಣಿಸಲು ಆಗುವುದಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅದೇ ವಿಪತ್ತು ನಿಧಿಯಲ್ಲಿ ಬೆಳೆಗೆ ಶೇ 33 ಹಾನಿಯಾದರೆ ಪರಿಹಾರ ಇದೆ. ಹೊಲ ಪೂರ್ತಿ ಸಾಯಬೇಕಿಲ್ಲ. ಮನುಷ್ಯನಿಗೆ ಶೇ 40ರಿಂದ 60 ಅಂಗವೈಕಲ್ಯವಾದರೆ 74,000, ಅದಕ್ಕೂ ಮೇಲಾದರೆ ಎರಡೂವರೆ ಲಕ್ಷ. ಅಲ್ಲಿ ಡಾಕ್ಟರ್ ನೋಡಿ ಬರೆದುಕೊಡುತ್ತಾರೆ. ಎತ್ತಿನ ಹೆಗಲು ನೋಡಿ ಪಶು ವೈದ್ಯರು ಬರೆದುಕೊಡಬಾರದಾ?

ಬೆಳೆಗೆ ಹಾನಿ ಅಳೆಯುತ್ತೀರಿ, ಮನುಷ್ಯನಿಗೆ ಅಳೆಯುತ್ತೀರಿ. ಎತ್ತಿಗೆ ಮಾತ್ರ ಬದುಕಿದ್ದಾನೋ ಸತ್ತಿದ್ದಾನೋ, ಎರಡೇ.

ಗೋಮಾಳದ ಡಾಕ್ಟರ್

ಬರೆದುಕೊಡಬಹುದು. ವಿಮೆಯಲ್ಲಿ ಅದು ಈಗಾಗಲೇ ಇದೆ. ಸ್ವಲ್ಪ ಜಾಸ್ತಿ ಪ್ರೀಮಿಯಂ ಕಟ್ಟಿದರೆ ಸಾವಿಗಷ್ಟೇ ಅಲ್ಲ, ಶಾಶ್ವತವಾಗಿ ಕೆಲಸಕ್ಕೆ ಬಾರದಂತಾದರೂ ಪರಿಹಾರ ಸಿಗುತ್ತದೆ. ಎತ್ತು ನೊಗ ಎಳೆಯಲಾರದು, ಹಸು ಇನ್ನು ಗಬ್ಬ ಕಟ್ಟದು ಎಂದು ಪ್ರಮಾಣಪತ್ರ ಕೊಡುವುದು ನಮ್ಮಂಥ ವೈದ್ಯರೇ. ವಿಮಾ ಕಂಪನಿ ನಂಬುವ ಕಾಗದವನ್ನು ತುರ್ತು ಪರಿಹಾರಕ್ಕೂ ನಂಬಬಹುದು. ಎರೆಹೊಲ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆ ವರ್ಷ ನಾನು ದಿನಕ್ಕೆ ಮೂವತ್ತು-ನಲವತ್ತು ಹಸು ನೋಡುತ್ತಿದ್ದೆ. ಬದುಕಿದವುಗಳ ಹೆಸರು ನನ್ನ ರಿಜಿಸ್ಟರಿನಲ್ಲಿ ಇತ್ತು, ಗಾಯದ ವಿವರವೂ ಇತ್ತು. ಅದನ್ನು ಯಾರೂ ಕೇಳಲಿಲ್ಲ.

ವಿಮೆಯ ಮಾತು ಬಂತು, ಹೇಳಿಬಿಡುತ್ತೇನೆ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 2024ರಲ್ಲಿ ರೈತರ ಪಾಲನ್ನು ಪ್ರೀಮಿಯಂನ ಶೇ 15ಕ್ಕೆ ಇಳಿಸಿದರು. ಉಳಿದದ್ದು ಕೇಂದ್ರ, ರಾಜ್ಯ ಭರಿಸುತ್ತವೆ. ಹೊಸ ಎಮ್ಮೆ ತಂದಾಗ ಮೊದಲ ವಾರದಲ್ಲೇ ಆಸ್ಪತ್ರೆಯಲ್ಲಿ ವಿಚಾರಿಸಿ. ಒಂದು ಎಚ್ಚರಿಕೆ: ಕಿವಿಯೋಲೆ ಬಿದ್ದುಹೋದರೆ ತಕ್ಷಣ ತಿಳಿಸಿ ಹೊಸದು ಹಾಕಿಸಿ. ಓಲೆ ಇಲ್ಲದಿದ್ದರೆ ವಿಮೆ ಸಿಗುವುದಿಲ್ಲ.

ಕಂಬಳಿಗಂಟು

ಸಿಡಿಲಿನ ಬಗ್ಗೆ ಒಂದು ಮಾತು. ‘ಸಿಡಿಲು’ ಆ್ಯಪ್ ಇದೆ, ‘ದಾಮಿನಿ’ ಇದೆ. ನನ್ನ ಫೋನಿನಲ್ಲಿ ಎರಡೂ ಇವೆ. ಎಚ್ಚರಿಕೆ ಬರುತ್ತದೆ. ಆದರೆ ಎರೆ ಬಯಲಲ್ಲಿ ನೂರು ಕುರಿ ಇಟ್ಟುಕೊಂಡು ಹದಿನೈದು ನಿಮಿಷದಲ್ಲಿ ಎಲ್ಲಿಗೆ ಹೋಗುವುದು? ನಾವು ಈಗ ಮಾಡುವುದು ಇಷ್ಟೇ. ಒಂಟಿ ಮರದ ಕಡೆ ಬಿಡುವುದಿಲ್ಲ. ತಗ್ಗಿನಲ್ಲಿ ಹಿಂಡನ್ನು ಎರಡು-ಮೂರು ಗುಂಪು ಮಾಡಿ ದೂರ ದೂರ ನಿಲ್ಲಿಸುತ್ತೇವೆ. ಒಂದು ಗುಂಪು ಹೋದರೂ ಇನ್ನೊಂದು ಉಳಿಯಲಿ ಎಂದು.

ವರದಾದಂಡೆ

ಎಲ್ಲರಿಗೂ ನಮಸ್ಕಾರ, ತಡವಾಗಿ ಬರೆಯುತ್ತಿದ್ದೇನೆ. ಏಳು ವಾರ ಆಯಿತು.

ಅವತ್ತು ಗುಂಡಿ ತೆಗೆಸಿದೆವು. ದೊಡ್ಡಪ್ಪ ಬರಲಿಲ್ಲ, ನಾನೇ ನಿಂತಿದ್ದೆ. ಎಣಿಸಿದರು, ಒಂಬತ್ತು. ವೈದ್ಯರು ಬೇರೆ ವರದಿ ಕೊಟ್ಟರು. ಮಹಜರಿನಲ್ಲೂ ಬೇರೆಯಾಗಿ ಬರೆದರು. ಆ ಹುಡುಗನ ಫೋಟೋ ಜೊತೆಗೆ ಇಟ್ಟೆವು. ಸುಣ್ಣ ಹಾಕಿ ಮತ್ತೆ ಮುಚ್ಚಿದೆವು.

ಡೇರಿ ಅಕ್ಕಾ, ನೀವು ಹೇಳಿದ್ದಕ್ಕೆ ಬ್ಯಾಂಕಿಗೆ ಹೋದೆ. ದೊಡ್ಡಪ್ಪನ ಖಾತೆಗೆ ಆಧಾರ್ ಮ್ಯಾಪಿಂಗ್ ಆಗಿರಲೇ ಇಲ್ಲ. ಅವತ್ತೇ ಮಾಡಿಸಿದೆ. ಇಲ್ಲದಿದ್ದರೆ ಹಣ ವಾಪಸ್ ಹೋಗುತ್ತಿತ್ತು.

ಹೋದ ವಾರ 89,500 ಬಂತು. ಒಂಬತ್ತರ 36,000 ಇನ್ನೂ ಬಂದಿಲ್ಲ. ಫೈಲ್ ಮೇಲಿನ ಕಚೇರಿಗೆ ಹೋಗಿದೆ ಎಂದು ಹೇಳಿದ್ದಾರೆ. ಅದರ ಹಿಂದೆ ಬಿದ್ದಿದ್ದೇನೆ, ಬಿಡುವುದಿಲ್ಲ.

ಸತ್ತ ಎಮ್ಮೆಗೆ ದೊಡ್ಡಪ್ಪ 85,000 ಕೊಟ್ಟಿದ್ದರು. ಈಗ ಬಂದ ಹಣದಲ್ಲಿ ಸ್ವಲ್ಪ ಸಾಲ ತೀರಿಸಿ, ಉಳಿದದ್ದಕ್ಕೆ ನಾನೂ ಸೇರಿಸಿ ಹಾವೇರಿ ಸಂತೆಯಿಂದ ಒಂದು ಎಮ್ಮೆ ತಂದೆವು. ಎರಡನೇ ಸೂಲು. ಕುರಿ ಈಗಲೇ ಬೇಡ ಅಂದರು ದೊಡ್ಡಪ್ಪ. ಉಳಿದ ಹಿಂಡನ್ನು ಮಾತ್ರ ದಿನಾ ತಾವೇ ಹೊಡೆದುಕೊಂಡು ಹೋಗುತ್ತಾರೆ. ಬೇವಿನ ಮರ ಅರ್ಧ ಒಣಗಿದೆ, ಇನ್ನರ್ಧ ಚಿಗುರಿದೆ. ಅದರ ಕೆಳಗೆ ಏನನ್ನೂ ಕಟ್ಟುವುದಿಲ್ಲ.

ಡೇರಿ ಅಕ್ಕ

ಒಳ್ಳೆಯ ಸುದ್ದಿ ಹೇಳಿದೆ ತಮ್ಮಾ. ಹೊಸ ಎಮ್ಮೆಗೆ ಕಿವಿಯೋಲೆ ಯಾರ ಹೆಸರಿನಲ್ಲಿ ಹಾಕಿಸಿದಿರಿ?

ವರದಾದಂಡೆ

ದೊಡ್ಡಮ್ಮನ ಹೆಸರಿನಲ್ಲಿ ಅಕ್ಕಾ. ದಿನಾ ಎರಡು ಹೊತ್ತು ಹಾಲು ಕರೆಯುವವರು ಅವರೇ ಅಲ್ವಾ. ಖಾತೆಯೂ ಅವರದೇ, ಮ್ಯಾಪಿಂಗ್ ಆಗಿದೆ. ವಿಮೆಯ ಕಾಗದಕ್ಕೆ ನಿನ್ನೆ ಹೆಬ್ಬೆಟ್ಟು ಒತ್ತಿ ಬಂದರು.